ಷಡ್ಡಕನ ಮಷೀನಿನ ಟೇಪರಿಗೆ ಎಣ್ಣೆ ಹಚ್ಚಿದ ಬಗ್ಗೆ

ಬೀದಿಯವರೂ ಹಳೆಯ ಕಾರ್ಖಾನೆಯವರೂ ಅಳತೆಯಣ್ಣ ಎಂದು ಕರೆಯುವ ನಾನು, ವಯಸ್ಸು 61 ವರ್ಷ, ಉದ್ಯೋಗ ಪಂಪು ಕಾರ್ಖಾನೆಯ ನಿವೃತ್ತ ಫಿಟ್ಟರ್, ವಾಸ ನೀರಿನ ಟ್ಯಾಂಕಿನ ಹಿಂದಿನ ಎರಡನೆಯ ಅಡ್ಡರಸ್ತೆ, ಮೂಲೆಯಿಂದ ನಾಲ್ಕನೆಯ ಮನೆ, ಈ ದಿನ ಬೆಳಿಗ್ಗೆ 9 ಗಂಟೆ 35 ನಿಮಿಷಕ್ಕೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಇದೇ ತಿಂಗಳ 14ನೆಯ ತಾರೀಖು ಭಾನುವಾರ ನನ್ನ ಷಡ್ಡಕನ ಶೆಡ್ಡಿನಲ್ಲಿ ಡ್ರಿಲ್ಲಿಂಗ್ ಮಷೀನಿನ ಚಕ್ ಕಳಚಿ ಬಿದ್ದು ನಮ್ಮ ಮೇಸ್ತ್ರಿಯವರ ಎಡಗೈಗೆ ಪೆಟ್ಟಾದ ವಿಷಯ ಠಾಣೆಗೆ ಗೊತ್ತಿರುತ್ತದೆ. ಅದು ತನ್ನದೇ ತಪ್ಪು, ಎಣ್ಣೆ ಹಚ್ಚಬಾರದ ಕಡೆ ತಾನೇ ಹಚ್ಚಿರಬೇಕು ಎಂದು ಷಡ್ಡಕನು ಅದೇ ದಿನ ಆಸ್ಪತ್ರೆಯಲ್ಲಿ ಹೇಳಿಕೆ ಕೊಟ್ಟಿರುತ್ತಾನೆ. ಆ ಹೇಳಿಕೆ ನಿಜವಲ್ಲ. ಅವನು ಸುಳ್ಳು ಹೇಳಿದ್ದಾನೆಂದಲ್ಲ, ಹಾಗೆಂದೇ ನಂಬಿಕೊಂಡಿದ್ದಾನೆ. ಆ ನಂಬಿಕೆಯಿಂದ ಅವನು ಸೋಮವಾರದಿಂದ ಕೆಲಸಕ್ಕೆ ಹೋಗಿಲ್ಲ. ಇನ್ನು ಮುಂದೆಯೂ ಹೋಗುವುದಿಲ್ಲ ಎನ್ನುತ್ತಿದ್ದಾನೆ. ಅದಕ್ಕಾಗಿ ಈ ಹೇಳಿಕೆ.

ಷಡ್ಡಕನೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ವಯಸ್ಸು 56, ಹಲ್ಲಿನ ಡಾಕ್ಟರು. ಅವನ ಮನೆ ನಮ್ಮ ಮನೆಯಿಂದ 412 ಹೆಜ್ಜೆ. ಸುಮಾರು ನಾನೂರು ಎಂದು ಹಾಕಲೇ ಎಂದು ಬರೆದುಕೊಳ್ಳುತ್ತಿದ್ದ ಪೇದೆಯವರು ಕೇಳಿದರು. ಸುಮಾರು ಅಲ್ಲ, 412. ಮದುವೆಯಾಗಿ ಬಂದ 27 ವರ್ಷಗಳಲ್ಲಿ ಅವನು ನನ್ನನ್ನು ಅಣ್ಣ ಎಂದು ಬಿಟ್ಟು ಬೇರೆ ರೀತಿಯಲ್ಲಿ ಕರೆದಿಲ್ಲ. ತನ್ನ ಮೇಲೆ ಕೋಪ ಮಾಡಿಕೊಳ್ಳಲು ಒಂದೇ ಒಂದು ಕಾರಣವನ್ನೂ ಕೊಟ್ಟಿಲ್ಲ. ಇದೂ ನನಗೊಂದು ತೊಂದರೆಯೇ ಆಗಿತ್ತು.

ಕಾರ್ಖಾನೆ ಮುಚ್ಚಿದ ಮೇಲೆ, ಅಂದರೆ 11 ವರ್ಷಗಳಿಂದ, ಹಳೆಯ ಡ್ರಿಲ್ಲಿಂಗ್ ಮಷೀನುಗಳನ್ನು ಹುಡುಕಿ ತಂದು, ಮನೆಯ ಹಿಂದಿರುವ 14 ಅಡಿಗೆ 9 ಅಡಿಯ ಶೆಡ್ಡಿನಲ್ಲಿ ರಿಪೇರಿ ಮಾಡಿ ಇಟ್ಟುಕೊಳ್ಳುವುದು ನನ್ನ ಹವ್ಯಾಸವಾಗಿರುತ್ತದೆ. ಐದು ಮಷೀನುಗಳಿವೆ. ಎಲ್ಲವೂ ಎರಕದ ಕಬ್ಬಿಣದವು, ವಯಸ್ಸಿನಲ್ಲಿ ನನಗಿಂತ ಹಿರಿಯವು. ಒಂದು, ಟೈರ್ ಅಂಗಡಿಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಕಂಬವಾಗಿ ನಿಂತಿತ್ತು. ಇನ್ನೊಂದರ ಟೇಬಲ್ಲಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಇಂಥವನ್ನು ತಂದು, ಬಿಡಿಬಿಡಿಯಾಗಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ತುಕ್ಕು ಕೆರೆದು, ಬಣ್ಣವನ್ನು ಪದರ ಪದರವಾಗಿ ಎಬ್ಬಿಸಿ, ಎಲ್ಲಕ್ಕಿಂತ ಕೆಳಗೆ ಯಾವ ಬಣ್ಣವಿತ್ತೋ ಅದನ್ನೇ ಮತ್ತೆ ಬಳಿಯಬೇಕು. ಒಂದು ಮಷೀನು ಒಂದು ವರ್ಷ ಹಿಡಿಯುತ್ತದೆ. ನನ್ನ ಹೆಂಡತಿ ಇವುಗಳನ್ನು ತನ್ನ ಐವರು ಸವತಿಯರು ಎನ್ನುತ್ತಾಳೆ.

ಹಳೆಯ ಮಷೀನುಗಳಿಗೆಲ್ಲ ಒಂದು ಸಾಮಾನ್ಯ ರೋಗವಿದೆ. ಗಮನವಿಲ್ಲದ ಕೆಲಸಗಾರ ಕಬ್ಬಿಣದ ಪಟ್ಟಿಯನ್ನು ಕೊರೆಯುತ್ತ ಕೊರೆಯುತ್ತ ಅದನ್ನು ದಾಟಿ ಕೆಳಗಿನ ಟೇಬಲ್ಲನ್ನೂ ಕೊರೆದುಬಿಟ್ಟಿರುತ್ತಾನೆ. ಆ ತೂತುಗಳಿಗೆ ನಾನು ಎರಕದ ಕಬ್ಬಿಣದ ಬಿರಡೆ ಹೊಡೆದು ಮಟ್ಟಸ ಮಾಡುತ್ತೇನೆ. ಮಟ್ಟಸವೇನೋ ಆಗುತ್ತದೆ, ಆದರೆ ಬಿರಡೆಯ ಸುತ್ತ ಕೂದಲೆಳೆಯಷ್ಟು ಉಂಗುರವೊಂದು ಉಳಿಯುತ್ತದೆ. ಯಾವ ಗಂಡಸು ಮಾಡಿದರೂ ಉಳಿಯುತ್ತದೆ ಎಂದು ನಾನು ಹೋದ ವರ್ಷದವರೆಗೆ ಎಲ್ಲರಿಗೂ ಹೇಳುತ್ತಿದ್ದೆ.

ಹದಿನಾರು ತಿಂಗಳ ಹಿಂದೆ ಒಂದು ಬೆಳಿಗ್ಗೆ 10 ಗಂಟೆ 15 ನಿಮಿಷಕ್ಕೆ, ಗುಜರಿಯವನು ಫೋನು ಮಾಡಿದ್ದರಿಂದ, 6 ಕಿಲೋಮೀಟರ್ ದೂರದ ಅವನ ಅಂಗಡಿಗೆ ಸ್ಕೂಟರಿನಲ್ಲಿ ಹೋದೆನು. ಕ್ಲಿನಿಕ್ಕಿಗೆ ರಜೆಯಿದ್ದುದರಿಂದ ಷಡ್ಡಕನೂ ಹಿಂದೆ ಕೂತು ಬಂದನು. ಅಂಗಡಿಯಲ್ಲಿ ಎರಡು ಸ್ನಾನದ ತೊಟ್ಟಿಗಳ ನಡುವೆ ಗೋಡೆಗೆ ಒರಗಿ ಆ ಮಷೀನು ನಿಂತಿತ್ತು. ಆ ಅಚ್ಚಿನ ಮಷೀನಿಗಾಗಿ ನಾನು ಒಂಬತ್ತು ವರ್ಷ ಅಲೆದಿದ್ದೆ.

ಈ ಹವ್ಯಾಸದವರಲ್ಲಿ ಒಂದು ಪದ್ಧತಿಯಿದೆ. ಬೇಕಾದ ಮಷೀನನ್ನು ಮಾರುವವನ ಮುಂದೆ ಹೊಗಳಬಾರದು. ಎಷ್ಟು ಬೇಕಾಗಿದೆಯೋ ಅಷ್ಟು ಬಯ್ಯಬೇಕು. ಬೈದು ಮುಖ ತಿರುಗಿಸಿಕೊಂಡು ಬಂದರೆ, ವಾರ ಕಳೆದ ಮೇಲೆ ಅವನೇ ಕೈಮುಗಿದು ಕೊಡುತ್ತಾನೆ. ಅದರಂತೆ ನಾನು ಆ ದಿನ ಎಂದೂ ಬಯ್ಯದಷ್ಟು ಬೈದೆನು. ತಲೆ ಸೀಳು ಬಿಟ್ಟಿದೆ, ಸ್ಪಿಂಡಲ್ ಸೊಟ್ಟ, ಟೇಬಲ್ಲಿಗೆ ಹನ್ನೊಂದು ತೂತು, ಇದನ್ನ ತೂಕಕ್ಕೆ ಹಾಕಿದ್ರೆ ತಕ್ಕಡಿಗೇ ಅವಮಾನ ಕಣಯ್ಯ ಎಂದೆನು. ತೂತುಗಳ ಲೆಕ್ಕ ಬಿಟ್ಟರೆ ಉಳಿದದ್ದೆಲ್ಲ ಸುಳ್ಳು.

ಷಡ್ಡಕನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಿದನು. ಪಾಪ, ಯಾರಿಗೂ ಬೇಡ ಅಂದ್ರೆ ನಾನೇ ತಗೊಂಡು ಹೋಗ್ತೀನಿ ಅಣ್ಣ, ಹಾಳಾದ್ರೂ ಚಿಂತೆಯಿಲ್ಲ, ಕೈ ಪಳಗುತ್ತೆ, ನೀನು ಬೇಡ ಅಂದ್ರೆ ಬಿಡ್ತೀನಿ ಎಂದನು. ಬೇಡವೆಂದರೆ ಅಲ್ಲಿಯವರೆಗೆ ಆಡಿದ್ದೆಲ್ಲ ಸುಳ್ಳೆಂದು ಗುಜರಿಯವನ ಎದುರಿಗೇ ಒಪ್ಪಿಕೊಳ್ಳಬೇಕಿತ್ತು. ನಿನ್ನಿಷ್ಟ ಕಣಪ್ಪ ಎಂದೆನು. ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದೇ. ಅದನ್ನು ಗಾಡಿಗೆ ಏರಿಸುವಾಗ ಭಾರದ ಕಡೆ ಹಿಡಿದವನೂ ನಾನೇ.

ಆಮೇಲಿನ ಹದಿನಾರು ತಿಂಗಳು ಅವನು ಪ್ರತಿಯೊಂದನ್ನೂ ನನ್ನನ್ನೇ ಕೇಳಿ ಮಾಡಿದನು. ಬೇರಿಂಗ್ ಕೀಳುವುದು ಹೇಗೆಂದು ಕೇಳಿದಾಗ ಅರ್ಧ ಹೇಳಿದೆ. ಮಿಕ್ಕ ಅರ್ಧವನ್ನು ಪುಸ್ತಕ ನೋಡಿ ಕಲಿತು, ಮಾಡಿ ಮುಗಿಸಿ, ಬಂದು ನನಗೇ ಧನ್ಯವಾದ ಹೇಳಿದನು. ಟೇಪರಿನ ವಿಷಯವನ್ನು ಮಾತ್ರ ನಾನು ಪೂರ್ತಿ ಹೇಳಿದ್ದೆ, ಏಕೆಂದರೆ ಅದು ಅಪಾಯದ್ದು. ಕೊರೆಯುವ ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗಕ್ಕೆ ಚಕ್ ಎನ್ನುತ್ತಾರೆ. ಅದರ ತಲೆಯ ಮೇಲೆ ಓರೆಯಾಗಿ ಸಣ್ಣಗಾಗುವ ಒಂದು ದಂಡವಿರುತ್ತದೆ, ಅದೇ ಟೇಪರ್. ಅದು ತಿರುಗುವ ಸ್ಪಿಂಡಲ್ಲಿನ ಒಳಗೆ ಕೂರುತ್ತದೆ. ಸ್ಕ್ರೂ ಇಲ್ಲ, ಮೊಳೆ ಇಲ್ಲ, ಕಬ್ಬಿಣವನ್ನು ಕಬ್ಬಿಣವೇ ಹಿಡಿದುಕೊಂಡಿರುತ್ತದೆ. ಒಣಗಿದ್ದರೆ ಬೆಣೆ ಹೊಡೆಯದೆ ಬಿಡುವುದಿಲ್ಲ. ಎಣ್ಣೆ ತಾಗಿತೋ, ಹಿಡಿತ ಹೋಯಿತು. ಕೊರೆಯುವಷ್ಟು ಹೊತ್ತು ಒತ್ತಡಕ್ಕೆ ನಿಂತಿರುತ್ತದೆ, ಬಿಟ್ಟನ್ನು ಮೇಲಕ್ಕೆತ್ತುವಾಗ ಕಳಚಿ ಬೀಳುತ್ತದೆ. ಷಡ್ಡಕನು ಇದನ್ನು ಬಿಳಿ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡಿದ್ದನು. ಟೇಪರ್ ಒಣಗಿರಲಿ, ಅಣ್ಣನ ಮಾತು ಎಂದು ಅದರಲ್ಲಿದೆ. ಈಗಲೂ ಇದೆ, ಪೊಲೀಸರು ಹೋಗಿ ನೋಡಬಹುದು.

ಟೇಬಲ್ಲಿನ ಹನ್ನೊಂದು ತೂತುಗಳನ್ನೂ ಅವನು ತುಂಬಿದನು. ಮುಗಿದ ದಿನ ನನ್ನನ್ನು ಕರೆದು, ಎಲ್ಲೆಲ್ಲಿದ್ವು ಹೇಳು ನೋಡೋಣ ಅಣ್ಣ ಎಂದನು. ಬೆರಳಾಡಿಸಿದೆ. ಒಂದೂ ಸಿಗಲಿಲ್ಲ. ಜೀವಮಾನವೆಲ್ಲ ಜನರ ಹಲ್ಲಿನ ತೂತು ಮುಚ್ಚಿದೋನು, ನಿನಗಿದೇನು ಮಹಾ ಬಿಡು ಎಂದು ನಗೆಯಾಡಿದೆ. ಮನೆಗೆ ಬಂದು ನನ್ನ ಐದು ಟೇಬಲ್ಲುಗಳ ಮೇಲಿನ ಉಂಗುರಗಳನ್ನು ಎಣಿಸಿದೆ. 34 ಇದ್ದವು.

ಮೇಸ್ತ್ರಿಯವರಿಗೆ 79 ವರ್ಷ. ನನಗೆ 19 ಇದ್ದಾಗ ಕಾರ್ಖಾನೆಯಲ್ಲಿ ಮೊದಲು ನನ್ನ ಕೈಗೆ ಅರ ಕೊಟ್ಟು ಕೆಲಸ ಕಲಿಸಿದವರು ಅವರೇ. 42 ವರ್ಷಗಳಲ್ಲಿ ಅವರು ನನ್ನ ಕೆಲಸ ನೋಡಿ ನಾಲ್ಕು ಬಾರಿ ಪರವಾಗಿಲ್ಲ ಎಂದಿದ್ದಾರೆ. ಭೇಷ್ ಎಂದಿಲ್ಲ. ಹತ್ತು ವರ್ಷ ಪ್ರತಿ ಭಾನುವಾರ 11 ಗಂಟೆಗೆ ನನ್ನ ಶೆಡ್ಡಿಗೆ ಬಂದು ಮುರುಕು ಸ್ಟೂಲಿನ ಮೇಲೆ ಕೂರುತ್ತಿದ್ದರು. ಎಂಟು ತಿಂಗಳಿಂದ ಅವರು ಷಡ್ಡಕನ ಶೆಡ್ಡಿಗೆ ಹೋಗತೊಡಗಿದರು. ಯಾಕೆ ಮೇಸ್ತ್ರಿ ಬರೋದೇ ಬಿಟ್ಟಿರಿ ಎಂದು ಕೇಳಿದ್ದಕ್ಕೆ, ನಿನಗೆಲ್ಲ ಬರುತ್ತಲ್ಲೋ, ಅಲ್ಲಾದ್ರೆ ಕೇಳೋನೊಬ್ಬ ಇದಾನೆ ಎಂದರು. ನಾನು ಆ ಸ್ಟೂಲಿನ ಕಾಲು ರಿಪೇರಿ ಮಾಡಿಸಿ ಇಟ್ಟೆ. ಆದರೂ ಬರಲಿಲ್ಲ.

ಈ ತಿಂಗಳ 7ನೆಯ ತಾರೀಖು ಭಾನುವಾರ ಷಡ್ಡಕನ ಮಷೀನಿನ ಪರೀಕ್ಷೆ ನಡೆಯಿತು. ಮೇಸ್ತ್ರಿಯವರ ಪರೀಕ್ಷೆ ಯಾವಾಗಲೂ ಒಂದೇ. ಮಷೀನನ್ನು ಪೂರ್ತಿ ವೇಗದಲ್ಲಿ ಬಿಟ್ಟು, ಟೇಬಲ್ಲಿನ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ, ಬೀಳುವ ತನಕ ಎಣಿಸುವುದು. ನನ್ನ ಐದರಲ್ಲಿ ಅತ್ಯುತ್ತಮವಾದ ಮಷೀನಿನ ಮೇಲೆ ನಾಣ್ಯ 64ರವರೆಗೆ ನಿಂತಿದೆ. ಅಂದು 11 ಗಂಟೆ 40 ನಿಮಿಷಕ್ಕೆ ನಾಣ್ಯ ಇಟ್ಟರು. ನೂರಾಯಿತು, ಇನ್ನೂರಾಯಿತು. 212ಕ್ಕೆ ಮೇಸ್ತ್ರಿಯವರು ಎಣಿಕೆ ಬಿಟ್ಟು ನಾಣ್ಯವನ್ನು ತಾವೇ ಎತ್ತಿಕೊಂಡು, ಭೇಷ್ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನೋಡಪ್ಪ ಅಳತೆ, ನೋಡಿ ಕಲ್ತ್ಕೋ ಎಂದರು. ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ಭಾನುವಾರ ಎಲ್ಲರೂ ಸೇರಿ ಮೊದಲನೆಯ ತೂತು ಹಾಕೋಣ ಎಂದು ಷಡ್ಡಕ ಹೇಳಿದನು.

ಆ ವಾರ ನನಗೆ ಊಟ ಸೇರಲಿಲ್ಲ. ಅಲ್ರೀ, ಹೊಟ್ಟೆ ಉರೀತಿದ್ರೆ ತಣ್ಣೀರು ಕುಡೀರಿ, ತಟ್ಟೆ ಮೇಲೆ ಯಾಕೆ ಸಿಟ್ಟು ಎಂದು ಹೆಂಡತಿ ಹೇಳಿದಳು. ಅವಳು ನೀರಿನ ಲೋಟ ತಂದಿಟ್ಟು ಹೋದಳು.

12ನೆಯ ತಾರೀಖು ಶುಕ್ರವಾರ ಸಂಜೆ 4 ಗಂಟೆ 50 ನಿಮಿಷಕ್ಕೆ ಷಡ್ಡಕನ ಮನೆಗೆ ಹೋದೆನು. ಆ ಹೊತ್ತಿನಲ್ಲಿ ಅವನು ಕ್ಲಿನಿಕ್ಕಿನಲ್ಲಿರುತ್ತಾನೆಂದು ಗೊತ್ತಿತ್ತು. ಕೈಯಲ್ಲಿ ಅಳತೆಯ ಗೇಜು ಹಿಡಿದಿದ್ದೆ, ಅದು ನೆಪಕ್ಕೆ. ಜೇಬಿನಲ್ಲಿ ಎಣ್ಣೆಯ ಸಣ್ಣ ಡಬ್ಬಿಯಿತ್ತು. ನಾದಿನಿ ಗೇಟು ತೆಗೆದು, ಬನ್ನಿ ಭಾವ, ಕೀಲಿ ಅಲ್ಲೇ ನೇತಾಕಿದೆ, ನೀವು ನೋಡ್ತಿರಿ, ಟೀ ಮಾಡ್ತೀನಿ ಎಂದಳು. ನಾನು ಶೆಡ್ಡಿನೊಳಗೆ ಹೋಗಿ ಬೆಣೆಗೆ ಎರಡು ಪೆಟ್ಟು ಹೊಡೆದು ಚಕ್ಕನ್ನು ಇಳಿಸಿದೆನು. ಟೇಪರಿಗೆ ಮೂರು ಹನಿ ಎಣ್ಣೆ ಬಿಟ್ಟು ಹೆಬ್ಬೆರಳಿನಿಂದ ಸುತ್ತಲೂ ಸವರಿದೆನು. ಮತ್ತೆ ಕೂರಿಸಿ ಮರದ ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟೆನು. ಎಲ್ಲ ಸೇರಿ ಆರು ನಿಮಿಷ. ಗೋಡೆಯ ಕಾಗದ ನನ್ನ ಎಡಕ್ಕಿತ್ತು, ಆ ಕಡೆ ನೋಡಲಿಲ್ಲ. ನಾದಿನಿ ಟೀ ಮತ್ತು ಎರಡು ಬಿಸ್ಕತ್ತು ತಂದಳು. ನಿಮ್ಮನ್ನ ಕೇಳದೆ ಇವ್ರು ಒಂದು ಸ್ಕ್ರೂನೂ ತಿರುಗಿಸಲ್ಲ ಭಾವ ಎಂದಳು. ನಾನು ಟೀಯನ್ನು ಪೂರ್ತಿ ಕುಡಿದೆನು. ಬಿಸ್ಕತ್ತನ್ನೂ ತಿಂದೆನು.

ಚಕ್ ಟೇಬಲ್ಲಿನ ಮೇಲೆ ಬೀಳಬೇಕು, ದೊಡ್ಡ ಸದ್ದಾಗಬೇಕು, ಮೇಸ್ತ್ರಿಯವರು ಅವನ ಮುಖ ನೋಡಬೇಕು, ಇಷ್ಟೇ ನನ್ನ ಉದ್ದೇಶವಾಗಿತ್ತು. ಆ ನುಣುಪಾದ ಟೇಬಲ್ಲಿಗೆ ಒಂದು ಗುಳಿ ಬಿದ್ದರೆ ಒಳ್ಳೆಯದೇ ಎಂದೂ ಇತ್ತು. ಆಗ ಆಡಲು ಒಂದು ಮಾತನ್ನೂ ತಯಾರು ಮಾಡಿಕೊಂಡಿದ್ದೆ. ಟೇಪರ್ ಒರೆಸೋದು ಮರೆತ್ಯೇನಪ್ಪ ಡಾಕ್ಟ್ರೇ ಎಂಬುದು ಆ ಮಾತು. ಮನೆಗೆ ಹಿಂತಿರುಗುವಾಗ ಅದನ್ನು ಎರಡು ಬಾರಿ ಹೇಳಿ ನೋಡಿದೆ.

14ನೆಯ ತಾರೀಖು ಭಾನುವಾರ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಶೆಡ್ಡಿನಲ್ಲಿ ಷಡ್ಡಕ, ನಾದಿನಿ, ನನ್ನ ಹೆಂಡತಿ, ಮೇಸ್ತ್ರಿಯವರು ಮತ್ತು ನಾನು ಇದ್ದೆವು. ಟೇಬಲ್ಲಿನ ಮೇಲೆ 8 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ ಇಟ್ಟಿದ್ದರು. ಷಡ್ಡಕನು ಮಷೀನು ಚಾಲೂ ಮಾಡಿ, ಹಿಡಿಕೆಗೆ ಕೈ ಹಾಕಿದವನು ಹಾಗೆಯೇ ಹಿಂದಕ್ಕೆ ಸರಿದು, ಮೊದಲನೇದು ನಿಮ್ಮ ಕೈಯಿಂದ್ಲೇ ಆಗ್ಲಿ ಮೇಸ್ತ್ರಿ ಎಂದನು. ಮೇಸ್ತ್ರಿಯವರು ಬೇಡ ಬೇಡವೆನ್ನುತ್ತಲೇ ಎದ್ದರು. ಹಳೆಯ ಕಾಲದವರಾದ್ದರಿಂದ ಪಟ್ಟಿಗೆ ಕ್ಲ್ಯಾಂಪು ಹಾಕದೆ ಎಡಗೈಯಲ್ಲೇ ಅದುಮಿ ಹಿಡಿದು, ಬಲಗೈಯಲ್ಲಿ ಹಿಡಿಕೆ ಎಳೆದರು.

ಸ್ವಿಚ್ಚು ನನ್ನ ಬಲಗೈಯಿಂದ ಒಂದೂವರೆ ಮೀಟರ್ ದೂರದಲ್ಲಿತ್ತು. ಮೇಸ್ತ್ರಿಯವರು ಹಿಡಿಕೆ ಹಿಡಿದ ಹೊತ್ತಿನಿಂದ ಕೊರೆಯುವ ಬಿಟ್ ಪಟ್ಟಿಯನ್ನು ದಾಟುವವರೆಗೆ 40 ಸೆಕೆಂಡು ಆಗಿರುತ್ತದೆ. ಆ 40 ಸೆಕೆಂಡಿನಲ್ಲಿ ನಾನು ಒಂದು ಹೆಜ್ಜೆ ಮುಂದಿಟ್ಟು ಸ್ವಿಚ್ಚು ಆರಿಸಬಹುದಿತ್ತು. ನಿಲ್ಲಿಸಿ ಎಂದು ಕೂಗಬಹುದಿತ್ತು. ಏನನ್ನೂ ಮಾಡಲಿಲ್ಲ. ಹೆದರಿಕೆಯಿತ್ತು, ಕೂಗಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅದೊಂದೇ ಆಗಿದ್ದರೆ ನಾನು ಇಷ್ಟು ನಾಚಿಕೆಪಡುತ್ತಿರಲಿಲ್ಲ. ಐದು ಮಷೀನು ಮಾಡಿದ ನನಗೆ, ಮೊದಲನೆಯ ತೂತನ್ನು ಮೇಸ್ತ್ರಿಯವರಿಂದ ಹಾಕಿಸಬೇಕೆಂದು ಒಂದು ಸಲವೂ ಹೊಳೆಯಲಿಲ್ಲವಲ್ಲ, ಇವನಿಗೆ ಹೊಳೆಯಿತಲ್ಲ ಎಂದು ನಾನು ಆ ಹೊತ್ತಿನಲ್ಲಿ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಬಿಟ್ ಪಟ್ಟಿಯನ್ನು ದಾಟಿತು. ಮೇಸ್ತ್ರಿಯವರು ಹಿಡಿಕೆಯನ್ನು ಮೇಲಕ್ಕೆ ಬಿಟ್ಟರು. ಎರಡು ಕಿಲೋ ತೂಕದ ಚಕ್ ತಿರುಗುತ್ತಲೇ ಕಳಚಿ ಅವರ ಎಡಗೈಯ ಮೇಲೆ ಬಿತ್ತು. ನಾನಂದುಕೊಂಡಷ್ಟು ಸದ್ದಾಗಲಿಲ್ಲ.

ಷಡ್ಡಕನು ಕೈಯನ್ನು ಬಟ್ಟೆಯಿಂದ ಬಿಗಿಯಾಗಿ ಸುತ್ತಿ, ಕಾರಿನಲ್ಲಿ 4 ಕಿಲೋಮೀಟರ್ ದೂರದ ಆಸ್ಪತ್ರೆಗೆ 13 ನಿಮಿಷದಲ್ಲಿ ತಲುಪಿಸಿದನು. ಹಿಂದಿನ ಸೀಟಿನಲ್ಲಿ ಆ ಕೈಯನ್ನು ಮೇಲೆತ್ತಿ ಹಿಡಿದು ಕೂತವನು ನಾನು. ತೋರುಬೆರಳಿನ ಎರಡು ಮೂಳೆ ಮುರಿದಿದ್ದು, ಹೆಬ್ಬೆರಳಿನ ಬುಡಕ್ಕೆ ಏಳು ಹೊಲಿಗೆ ಹಾಕಿರುತ್ತಾರೆ. ತೋರುಬೆರಳು ಇನ್ನು ಮಡಚುವುದಿಲ್ಲ ಎಂದು ಅಲ್ಲಿಯ ಡಾಕ್ಟರು ತಿಳಿಸಿರುತ್ತಾರೆ.

16ನೆಯ ತಾರೀಖು ಮಂಗಳವಾರ ಸಂಜೆ 5 ಗಂಟೆಗೆ ಆಸ್ಪತ್ರೆಗೆ ಹೋಗಿ ಮೇಸ್ತ್ರಿಯವರ ಪಕ್ಕ ಕೂತೆನು. ಹಲ್ಲು ಕೀಳೋನು ಹಲ್ಲು ಕೀಳ್ತಾ ಇರ್ಬೇಕು, ನಾನೇ ಸುಮ್ನೆ ಅವನ್ನ ಅಟ್ಟಕ್ಕೇರಿಸ್ದೆ, ನೀನಾಗಿದ್ರೆ ಇಂಥದ್ದು ಆಗ್ತಿರ್ಲಿಲ್ಲ, ನಿನ್ನ ಕೈ ನನಗೆ ಗೊತ್ತಿಲ್ವೇನೋ ಎಂದರು. ಬಲಗೈಯಿಂದ ನನ್ನ ಕೈ ತಟ್ಟಿ, ನಿನಗೆ ಯಾವತ್ತೂ ಹೇಳ್ಲಿಲ್ಲ ನೋಡು, ಭೇಷ್ ಕಣೋ ನೀನು ಎಂದರು. ಆಗ ನನಗೆ ಸಂತೋಷವಾಯಿತು. ಒಂದು ಉಸಿರು ಒಳಗೆ ತೆಗೆದುಕೊಳ್ಳುವಷ್ಟು ಹೊತ್ತು ಆಯಿತು. ಇದನ್ನು ಬರೆದುಕೊಳ್ಳಲೇಬೇಕೆಂದು ನಾನು ಕೇಳಿಕೊಂಡಿರುತ್ತೇನೆ.

18ನೆಯ ತಾರೀಖು ಗುರುವಾರ ಬೆಳಿಗ್ಗೆ 8 ಗಂಟೆಗೆ ಷಡ್ಡಕನು ನಮ್ಮ ಮನೆಗೆ ಬಂದನು. ಗಡ್ಡ ಬಂದಿತ್ತು. ಆ ಮಷೀನನ್ನು ನಾನು ತೆಗೆದುಕೊಂಡು ಹೋಗಬೇಕೆಂದು ಕೇಳಿದನು. ಎಷ್ಟು ಯೋಚನೆ ಮಾಡಿದ್ರೂ ಅಲ್ಲಿಗೆ ಎಣ್ಣೆ ಹಾಕಿದ್ದು ನೆನಪಿಗೇ ಬರ್ತಿಲ್ಲ ಅಣ್ಣ, ನನಗೆ ಗೊತ್ತಿಲ್ಲದೆ ನನ್ನ ಕೈ ಹೀಗೆಲ್ಲ ಮಾಡುತ್ತೆ ಅಂದ್ರೆ, ಅದನ್ನ ಇನ್ನೊಬ್ಬರ ಬಾಯೊಳಗೆ ಹೇಗೆ ಹಾಕಲಿ ಎಂದನು. ಸೋಮವಾರದಿಂದ ಬಂದವರನ್ನೆಲ್ಲ ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದಾನೆ. ಕ್ಲಿನಿಕ್ಕನ್ನು ಬಿಟ್ಟುಕೊಡಲು ಯಾರೊಂದಿಗೋ ಮಾತಾಡಿದ್ದಾನೆ. ಊಟಕ್ಕೆ ಕೂತವರು ಅಂಗೈ ತಿರುಗಿಸಿ ನೋಡ್ತಾನೇ ಇರ್ತಾರೆ, ಅನ್ನ ಆರಿಹೋಗುತ್ತೆ ಎಂದು ನಾದಿನಿ ನನ್ನ ಹೆಂಡತಿಗೆ ಹೇಳಿರುತ್ತಾಳೆ. ನಾನು ಅವನಿಗೆ ಆಗಲೂ ಹೇಳಲಿಲ್ಲ. ಮಷೀನು ತರಲು ಒಪ್ಪಿಕೊಂಡೆನು.

19ನೆಯ ತಾರೀಖು ಶುಕ್ರವಾರ ಮಧ್ಯಾಹ್ನ 12 ಗಂಟೆಗೆ ಮಷೀನು ನನ್ನ ಶೆಡ್ಡಿಗೆ ಬಂದಿತು. ಬಾಗಿಲು ಹಾಕಿಕೊಂಡು ಒಬ್ಬನೇ ಅದರ ಮುಂದೆ ನಿಂತೆನು. ಒಂಬತ್ತು ವರ್ಷ ಹುಡುಕಿದ್ದು ನನ್ನದಾಗಿತ್ತು. ಮೇಸ್ತ್ರಿಯವರೂ ಇನ್ನು ಭಾನುವಾರ ಇಲ್ಲಿಗೇ ಬರುವವರಿದ್ದರು. ಟಾರ್ಚು ಹಿಡಿದು, ಭೂತಗನ್ನಡಿ ಹಿಡಿದು ಟೇಬಲ್ಲಿನ ಮೇಲೆ ಆ ಹನ್ನೊಂದು ತೂತುಗಳನ್ನು ಹುಡುಕಿದೆನು. ಒಂದು ಗಂಟೆ ಹತ್ತು ನಿಮಿಷ ಹುಡುಕಿದೆನು. ಒಂದು ಸಿಕ್ಕಿದ್ದರೂ ನಾನು ಈ ದಿನ ಇಲ್ಲಿಗೆ ಬರುತ್ತಿರಲಿಲ್ಲವೋ ಏನೋ. ಸಿಗಲಿಲ್ಲ. ಇಂಥ ಕೈಯನ್ನು ಮನೆಯಲ್ಲಿ ಕೂರಿಸಿದ್ದೇನೆ ಎಂದು ಆಗ ಗೊತ್ತಾಯಿತು.

ಈ ದಿನ ಬೆಳಿಗ್ಗೆ 8 ಗಂಟೆಗೆ ಹೆಂಡತಿಗೆ ಎಲ್ಲವನ್ನೂ ಹೇಳಿದೆನು. ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. ಏಳಿ, ಚಪ್ಪಲಿ ಹಾಕ್ಕೊಳ್ಳಿ ಎಂದಳು. ಠಾಣೆಯ ಗೇಟಿನವರೆಗೆ ಜೊತೆಗೆ ಬಂದು, ಅಲ್ಲಿಂದ ನೇರವಾಗಿ ತಂಗಿಯ ಮನೆಗೆ ಹೋಗಿರುತ್ತಾಳೆ.

ಆದ್ದರಿಂದ, ಷಡ್ಡಕನ ಕೈಯಿಂದ ಯಾವ ತಪ್ಪೂ ಆಗಿಲ್ಲವೆಂದು ಅವನಿಗೆ ಈ ದಿನವೇ ತಿಳಿಸಬೇಕು. ಮೇಸ್ತ್ರಿಯವರಿಗೂ ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು. ಅವರು ನನಗೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಾದರೆ ನನ್ನ ಅಭ್ಯಂತರವಿರುವುದಿಲ್ಲ. ನನ್ನ ಮೇಲೆ ಕಾನೂನು ಪ್ರಕಾರ ಏನು ಆಗಬೇಕೋ ಅದು ಆಗಲಿ.

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು, ಎರಡು ಬಾರಿ ಓದಿ ಹೇಳಿರುತ್ತಾರೆ. ಇದರಲ್ಲಿರುವುದೆಲ್ಲ ನಿಜ. ಒಂದು ತಿದ್ದುಪಡಿ ಇರುತ್ತದೆ. ಕೊನೆಯ ಪುಟದಲ್ಲಿ ಸಾರಾಂಶ ಬರೆಯುವಾಗ, ಸದರಿ ಕೃತ್ಯವನ್ನು ನಾನು ಅಜಾಗರೂಕತೆಯಿಂದ ಮಾಡಿರುತ್ತೇನೆ ಎಂದು ಬರೆದಿದ್ದರು. ಹಾಗಿದ್ದರೆ ನಿಮಗೇ ಒಳ್ಳೆಯದು, ನೀವು ಹೇಳೋ ಪದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ ರೀ ಎಂದು ಪೇದೆಯವರು ತಿಳಿಹೇಳಿದರು. ಆದರೂ ನನ್ನ ಒತ್ತಾಯದ ಮೇಲೆ ಅಜಾಗರೂಕತೆಯಿಂದ ಎಂಬುದನ್ನು ಹೊಡೆದುಹಾಕಿ, ಹೊಟ್ಟೆಕಿಚ್ಚಿನಿಂದ ಎಂದು ಬರೆಯಲಾಗಿದೆ. ಹೊಡೆದುಹಾಕಿದ ಪದದ ಪಕ್ಕದಲ್ಲಿಯೂ ನಾನು ಸಹಿ ಮಾಡಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೊಠಡಿ
ದಿನಾಂಕ: 20, ಶನಿವಾರ, ಮಧ್ಯಾಹ್ನ 12 ಗಂಟೆ 5 ನಿಮಿಷ
ಹೇಳಿಕೆದಾರನ ಸಹಿ: (ಎರಡು ಕಡೆ)